ಹಗ್ಗ ಜಾರುತ್ತದೆಂದು ಡ್ರಮ್ಮನ್ನು ಒರಟು ಮಾಡಬಹುದೆ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಕಾಫಿ ತೋಟ. ಮನೆ, ಕಣ, ಪಂಪ್‌ಹೌಸ್‌ಗಳ ಪಕ್ಕದ ಸಿಲ್ವರ್ ಓಕ್ ಮರಗಳನ್ನು ತೆಗೆಸಬೇಕಾಗಿದೆ. ಇಡೀ ಮರ ಬೀಳಿಸಲು ಜಾಗವಿಲ್ಲ, ಕೆಳಗೆಲ್ಲ ಫಸಲು ಕೊಡುವ ಗಿಡ. ಹಾಗಾಗಿ ಮೇಲಿಂದ ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಸುತ್ತಿದ್ದೇವೆ. 3 ಇಂಚಿನ ಜಿಐ ಪೈಪಿನಲ್ಲಿ ಒಂದು ಅಡಿ ಉದ್ದದ ಡ್ರಮ್ ಮಾಡಿಸಿ ಮರದ ಬುಡಕ್ಕೆ ಸರಪಳಿಯಿಂದ ಬಿಗಿದಿದ್ದೇವೆ. ಹಗ್ಗ ಅಂಗಡಿಯಲ್ಲಿ ಸಿಗುವ ನೀಲಿ ಪ್ಲಾಸ್ಟಿಕ್ಕಿನದು, 14 ಮಿಮೀ. ಎರಡು ಸುತ್ತು ಹಾಕಿದರೂ ದೊಡ್ಡ ತುಂಡು ಬಂದಾಗ ಹಗ್ಗ ಸರ್ರನೆ ಜಾರುತ್ತದೆ. ಡ್ರಮ್ ಮೇಲೆ ವೆಲ್ಡಿಂಗ್ ಗೆರೆ ಎಳೆಸಿ ಒರಟು ಮಾಡಬಹುದೆ? ಇಲ್ಲವೇ 6 ಇಂಚಿನ ಪೈಪಿಗೆ ಹೋಗೋಣವೆ? ಅದಕ್ಕೇ ಒಂದು ರ‍್ಯಾಚೆಟ್ ಕೂಡಿಸಿದರೆ ಎತ್ತುವುದಕ್ಕೂ ಆಗುತ್ತದಲ್ಲ? ಡ್ರಮ್ಮನ್ನು ಜೀಪಿನ ಹಿಂದಿನ ಹುಕ್ಕಿಗೆ ಕಟ್ಟಿದರೆ ನಡೆದೀತೆ?

ಉತ್ತರ: ಒರಟು ಮಾಡಬೇಡಿ. ಆ ಹಗ್ಗ ಜಾರಿದ್ದರಿಂದಲೇ ಇಷ್ಟು ದಿನ ಮೇಲೇನೂ ಮುರಿದಿಲ್ಲ. ನಿಮ್ಮ ಡ್ರಮ್ಮಿನಲ್ಲಿ ಬದಲಿಸಬೇಕಾದ್ದು ಸಾಕಷ್ಟಿದೆ, ಆದರೆ ಅದರ ಹೊರಮೈ ಆ ಪಟ್ಟಿಯಲ್ಲಿಲ್ಲ.

ಮೊದಲು ತುಂಡಿನ ತೂಕ ನೋಡೋಣ. ಹಸಿ ಮರದ ಮೈಯೆಲ್ಲ ನೀರು. ಸಿಲ್ವರ್ ನಾಟಾ ಒಣಗಿದ ಮೇಲೆ ಹಗುರ ಅನ್ನಿಸಿದರೂ ಕೊಯ್ದ ದಿನ ಘನ ಮೀಟರಿಗೆ 1000 ಕೆಜಿ ಎಂದೇ ಲೆಕ್ಕ ಹಿಡಿಯಿರಿ. ಹೆಚ್ಚಾದರೂ ಕಡಿಮೆಯಾಗಬಾರದು. 30 ಸೆಂಮೀ ದಪ್ಪ, 2 ಮೀಟರ್ ಉದ್ದದ ತುಂಡು ಸುಮಾರು 140 ಕೆಜಿ. ಅದೇ ಉದ್ದಕ್ಕೆ ದಪ್ಪ 40 ಸೆಂಮೀ ಆದರೆ 250 ಕೆಜಿ. ಮೇಲಿನಿಂದ ಇಳಿಯುತ್ತಾ ಬಂದ ಹಾಗೆ ದಪ್ಪ ನಾಲ್ಕು ಬೆರಳು ಹೆಚ್ಚಿದ್ದಷ್ಟೇ ಕಣ್ಣಿಗೆ ಕಾಣುತ್ತದೆ, ತೂಕ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ. ದೊಡ್ಡ ತುಂಡಿಗೆ ಮಾತ್ರ ಹಗ್ಗ ಜಾರುತ್ತದೆ ಅಂದಿರಲ್ಲ, ಅದಕ್ಕೆ ಒಂದು ಕಾರಣ ಇದು.

ಇನ್ನೊಂದು ಕಾರಣ ಬೀಳುವಿಕೆ. ಕಾಂಡವನ್ನು ಮೇಲಿಂದ ಕೊಯ್ಯುತ್ತಾ ಬರುವಾಗ, ಕಾಂಡಕ್ಕೆ ಕಟ್ಟಿ ಹಗ್ಗ ಹಾಯಿಸುವ ರಾಟೆ ಕೊಯ್ತದ ಕೆಳಗೆ ಇರುತ್ತದೆ, ತುಂಡು ಅದರ ಮೇಲೆ ನಿಂತಿರುತ್ತದೆ. ಅದು ಕಳಚಿ ಮಗುಚಿ, ರಾಟೆಯನ್ನು ದಾಟಿ, ಕೆಳಗೆ ಹೋಗಿ ಹಗ್ಗಕ್ಕೆ ಸಿಗಬೇಕು. ಆ ಹೊತ್ತಿಗೆ ಒಂದು ಮೀಟರ್ ಆದರೂ ಬಿದ್ದಿರುತ್ತದೆ. 140 ಕೆಜಿ ಸುಮ್ಮನೆ ತೂಗಿದರೆ ನಿಮ್ಮ ಹಗ್ಗ ಒಟ್ಟಾರೆ 8 ಸೆಂಮೀ ಹಿಗ್ಗುತ್ತದೆ ಅಂದುಕೊಳ್ಳಿ. ಅದೇ ತುಂಡು ಒಂದು ಮೀಟರ್ ಬಿದ್ದು, ಹಗ್ಗ ಒಂದಿಷ್ಟೂ ಜಾರದೆ ಗಕ್ಕನೆ ನಿಂತರೆ, ಲೆಕ್ಕದ ಪ್ರಕಾರ ಎಳೆತ ತೂಕದ 6 ಪಟ್ಟು, ಅಂದರೆ ಸುಮಾರು 860 ಕೆಜಿ. ಕಾಂಡ ಬಳುಕುವುದರಿಂದ, ಗಂಟು ಬಿಗಿಯುವುದರಿಂದ ಇದರಲ್ಲಿ ಸ್ವಲ್ಪ ಕಳೆಯುತ್ತದೆ. ಆದರೆ ಯೋಜನೆ ಹಾಕುವಾಗ ಆ ರಿಯಾಯಿತಿಯನ್ನು ನಂಬಬಾರದು.

ಈಗ ರಾಟೆಯ ಲೆಕ್ಕ. ಬಾವಿಯ ರಾಟೆಯಲ್ಲಿ ನೀರು ಸೇದುವಾಗ ತೊಲೆಯ ಮೇಲೆ ಕೊಡದ ಭಾರ ಒಂದೇ ಬೀಳುವುದಿಲ್ಲ, ನೀವು ಜಗ್ಗುವ ಬಲವೂ ಸೇರುತ್ತದೆ. ಇಲ್ಲೂ ಹಾಗೆಯೇ. ಹಗ್ಗದ ಎರಡು ಎಳೆಯೂ ಕೆಳಮುಖವಾಗಿದ್ದರೆ ರಾಟೆ ಮತ್ತು ಅದನ್ನು ಕಾಂಡಕ್ಕೆ ಕಟ್ಟಿದ ಸ್ಲಿಂಗ್ (ಭಾರ ಹೊರುವ ಪಟ್ಟಿ) ಹೊರಬೇಕಾದ್ದು ಎರಡು ಪಟ್ಟು. 860 ಕೆಜಿ ಎಳೆತಕ್ಕೆ 1.7 ಟನ್. ಅದು ಬೀಳುವುದು ನಿಮ್ಮ ಮರ ಹತ್ತುವವನ ಕಾಲ ಬುಡದಲ್ಲಿ, ಅವನು ಸೊಂಟದ ಬೆಲ್ಟ್ ಸುತ್ತಿಕೊಂಡಿರುವ ಅದೇ ಕಾಂಡದ ಮೇಲೆ.

ಇನ್ನು ನೀವು ಕೇಳಿದ ಡ್ರಮ್. ಸುತ್ತಿದ ಹಗ್ಗ ಎಷ್ಟು ಭಾರ ತಡೆಯುತ್ತದೆ ಎಂಬುದು ಎರಡೇ ವಿಷಯಕ್ಕೆ ಸಂಬಂಧಿಸಿದ್ದು: ಹಗ್ಗಕ್ಕೂ ಲೋಹಕ್ಕೂ ನಡುವಿನ ಘರ್ಷಣೆ, ಮತ್ತು ಸುತ್ತುಗಳ ಸಂಖ್ಯೆ. ಪೈಪಿನ ದಪ್ಪಕ್ಕೆ ಅಲ್ಲಿ ಜಾಗವೇ ಇಲ್ಲ. 3 ಇಂಚಿಗೆ ಎರಡು ಸುತ್ತು, 6 ಇಂಚಿಗೆ ಎರಡು ಸುತ್ತು, ಹಿಡಿತ ಒಂದೇ. ಸುತ್ತು ಹೆಚ್ಚಿಸಿದರೆ ಮಾತ್ರ ಹಿಡಿತ ಗುಣಿಸುತ್ತಾ ಹೋಗುತ್ತದೆ. ನಯವಾದ ಜಿಐ ಮೇಲೆ ಘರ್ಷಣೆಯ ಗುಣಾಂಕ 0.15 ಎಂದು ಹಿಡಿದರೆ ಎರಡು ಸುತ್ತು ಎಳೆತವನ್ನು 6.6ರಿಂದ ಭಾಗಿಸುತ್ತದೆ, ಮೂರು ಸುತ್ತು 17ರಿಂದ, ನಾಲ್ಕು ಸುತ್ತು 43ರಿಂದ. ನಿಮ್ಮ 140 ಕೆಜಿ ತುಂಡು ಸುಮ್ಮನೆ ತೂಗುತ್ತಿದ್ದರೆ ಎರಡು ಸುತ್ತಿನಲ್ಲಿ ಕೆಳಗಿನವನ ಕೈಗೆ ಬರುವುದು 21 ಕೆಜಿ, ಒಬ್ಬನೇ ಹಿಡಿಯಬಹುದು. ಅದು ಬಿದ್ದು 860 ಕೆಜಿ ಎಳೆದಾಗ ಕೈಗೆ ಬರುವುದು 130 ಕೆಜಿ. ಅದನ್ನು ಯಾರೂ ಹಿಡಿಯಲಾರರು, ಹಗ್ಗ ಜಾರಲೇಬೇಕು. ಜಾರುವಾಗ ಬಿದ್ದ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ, ಮೇಲಿನ ಎಳೆತ 860ಕ್ಕೆ ಮುಟ್ಟುವುದೇ ಇಲ್ಲ.

ಹಾಗಾಗಿ ಜಾರುವುದು ಬೇಕು, ನಿಮ್ಮ ಹತೋಟಿಯಲ್ಲಿ ಜಾರಬೇಕು ಅಷ್ಟೆ. ವೆಲ್ಡಿಂಗ್ ಗೆರೆ ಎಳೆದ ಡ್ರಮ್ಮಿನಲ್ಲಿ ಇದು ಆಗುವುದಿಲ್ಲ. ಹಗ್ಗ ಗೆರೆಗೆ ಸಿಕ್ಕಿ ನಿಲ್ಲುತ್ತದೆ, ಎಳೆತ ಏರುತ್ತದೆ, ಪಟ್ಟನೆ ಬಿಡುತ್ತದೆ, ಮತ್ತೆ ಸಿಕ್ಕುತ್ತದೆ. ಒಂದೊಂದು ಸಲ ಸಿಕ್ಕಾಗಲೂ ಮೇಲೆ ಒಂದೊಂದು ಜರ್ಕ್. ನಾಲ್ಕು ತುಂಡು ಇಳಿಸಿದ ಮೇಲೆ ಹಗ್ಗದ ಮೈ ನೋಡಿದರೆ ಹೊರ ಎಳೆಗಳೆಲ್ಲ ಹಲ್ಲಿನಿಂದ ಕಚ್ಚಿದ ಹಾಗೆ ತುಂಡಾಗಿ ಎದ್ದು ನಿಂತಿರುತ್ತವೆ. ಆ ಹಗ್ಗವನ್ನು ಹಸು ಕಟ್ಟಲು ಬಳಸಬಹುದು, ಮರಕ್ಕೆ ಅಲ್ಲ.

ನೀವು ಮಾಡಬೇಕಾದ್ದು ಮೂರನೆಯ ಸುತ್ತು, ದೊಡ್ಡ ತುಂಡಿಗೆ ನಾಲ್ಕನೆಯದು, ಅದರ ಜೊತೆಗೆ ಬಿಟ್ಟು ಹಿಡಿಯುವ ಅಭ್ಯಾಸ. ಕೊಯ್ತ ಮುಗಿಯುವ ಮುನ್ನ ಹಗ್ಗದಲ್ಲಿ ಸಡಿಲ ಇರಬಾರದು, ರಾಟೆಯವರೆಗೆ ಬಿಗಿಯಾಗಿ ಎಳೆದಿರಬೇಕು. ತುಂಡು ಮಗುಚಿ ಹಗ್ಗಕ್ಕೆ ಭಾರ ಬಿದ್ದ ಕ್ಷಣ ಕೈ ಸಡಿಲಿಸಿ ಎರಡು ಮೂರು ಮೀಟರ್ ಓಡಲು ಬಿಟ್ಟು, ಆಮೇಲೆ ನಿಧಾನಕ್ಕೆ ತಡೆಯಬೇಕು. ಸುತ್ತು ಜಾಸ್ತಿ ಹಾಕಿ ಕೈ ಬಿಗಿಹಿಡಿದು ನಿಲ್ಲುವವನು ಒರಟು ಡ್ರಮ್ಮಿಗಿಂತ ಅಪಾಯ. ಈ ಕೆಲಸಕ್ಕೆ ತೋಟದಲ್ಲಿ ಯಾರು ಬಿಡುವಾಗಿದ್ದಾರೋ ಅವರನ್ನು ನಿಲ್ಲಿಸುವ ರೂಢಿ ಇದೆ. ಮರ ಹತ್ತುವವನಿಗೆ ಕೊಡುವಷ್ಟೇ ಕೂಲಿಯನ್ನು ಹಗ್ಗ ಹಿಡಿಯುವವನಿಗೂ ಕೊಡಬೇಕು ಎಂಬುದು ನನ್ನ ವಾದ. ಅವನು ಅಂಗೈಗೆ ಹಗ್ಗ ಸುತ್ತಿಕೊಳ್ಳಬಾರದು, ಕಾಲ ಬಳಿ ಸುರುಳಿ ಬಿಡಬಾರದು, ಚರ್ಮದ ಗ್ಲೌಸ್ ಹಾಕಿಕೊಂಡು ತುಂಡು ತೂಗುವ ದಾರಿಯಿಂದ ಹೊರಗೆ ನಿಲ್ಲಬೇಕು.

ಇದಕ್ಕಿಂತಲೂ ಸುಲಭದ ಉಪಾಯ ತುಂಡನ್ನು ಗಿಡ್ಡ ಮಾಡುವುದು. 2 ಮೀಟರ್ ಬದಲು 1 ಮೀಟರ್ ಕೊಯ್ದರೆ ತೂಕ ಅರ್ಧ, ಬೀಳುವ ದೂರವೂ ಅರ್ಧ. ಎಳೆತ 860ರಿಂದ 430ಕ್ಕೆ, ರಾಟೆಯ ಮೇಲಿನ ಭಾರ 1.7 ಟನ್ನಿನಿಂದ 860 ಕೆಜಿಗೆ ಇಳಿಯುತ್ತದೆ. ನಾಟಾ ಉದ್ದ ಬೇಕು, ಚಿಕ್ಕ ತುಂಡಿಗೆ ಬೆಲೆ ಇಲ್ಲ ಅನ್ನುತ್ತೀರಿ, ಗೊತ್ತು. ಬುಡದ ಹತ್ತು ಹನ್ನೆರಡು ಅಡಿಯನ್ನು ಕೊನೆಗೆ ನಿಂತ ನೆಲದಿಂದಲೇ ಕೊಯ್ದು ಬೀಳಿಸಬಹುದು, ಬೆಲೆಬಾಳುವ ನಾಟಾ ಇರುವುದೂ ಅಲ್ಲೇ.

ಹಾಗಾದರೆ 6 ಇಂಚಿನ ಪೈಪಿನಿಂದ ಲಾಭವೇ ಇಲ್ಲವೆ? ಇದೆ, ಬಿಸಿಯ ವಿಷಯದಲ್ಲಿ. 140 ಕೆಜಿಯನ್ನು 12 ಮೀಟರ್ ಇಳಿಸಿದರೆ ಹದಿನಾರೂವರೆ ಕಿಲೋಜೂಲ್ ಶಕ್ತಿ ಹೆಚ್ಚಿನಂಶ ಡ್ರಮ್ಮಿಗೇ ಹೋಗುತ್ತದೆ. ನಿಮ್ಮ 3 ಇಂಚಿನ ಪೈಪು ಮೀಡಿಯಂ ಕ್ಲಾಸ್ ಆದರೆ ಗೋಡೆ 4 ಮಿಮೀ, ಅಡಿ ಉದ್ದಕ್ಕೆ ತೂಕ ಬರೀ ಎರಡೂವರೆ ಕೆಜಿ. ಒಂದೊಂದು ತುಂಡಿಗೆ ಅದು 13 ಡಿಗ್ರಿ ಬಿಸಿಯೇರುತ್ತದೆ. ಆರಲು ಬಿಡದೆ ಐದಾರು ಇಳಿಸಿದರೆ 70–80 ಡಿಗ್ರಿ ಏರಿಕೆ, ಹಗ್ಗ ಉಜ್ಜುವ ಜಾಗದಲ್ಲಿ ಇನ್ನೂ ಹೆಚ್ಚು. ನಿಮ್ಮ ನೀಲಿ ಹಗ್ಗ ಪಾಲಿಪ್ರೊಪಿಲೀನ್. ಅದು 165 ಡಿಗ್ರಿಯ ಆಸುಪಾಸು ಕರಗುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಮೆದುವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಡ್ರಮ್ ಮೇಲೆ ಗಾಜಿನಂತೆ ಹೊಳೆಯುವ ನೀಲಿ ಲೇಪ ಕಂಡಿದ್ದೀರಾ? ಅದು ಕರಗಿ ಅಂಟಿದ ನಿಮ್ಮ ಹಗ್ಗ. ಹಗ್ಗ ಜಾರುವುದರಲ್ಲಿ ಅದರ ಪಾಲೂ ಇದೆ.

ಇಲ್ಲಿ ನಾನು ಮೊದಲು ಬದಲಿಸುವುದು ಹಗ್ಗವನ್ನೇ. 14 ಮಿಮೀ ಪಾಲಿಯೆಸ್ಟರ್, ಹೆಣೆದದ್ದು, ಒಳತಿರುಳು ಹೊರಕವಚ ಎರಡೂ ಹೆಣಿಗೆಯಾಗಿರುವ ಡಬಲ್ ಬ್ರೇಡ್ ಸಿಕ್ಕರೆ ಅದೇ. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲೆ. ಮೂರು ಹುರಿ ಹೊಸೆದ ಹಗ್ಗ ಭಾರ ಬಿದ್ದಾಗ ಬಿಚ್ಚಿಕೊಳ್ಳಲು ನೋಡುತ್ತದೆ, ತುಂಡು ಗಿರ‍್ರನೆ ತಿರುಗುತ್ತದೆ, ಡ್ರಮ್ಮಿನ ಕೆಳಗೆ ಹಗ್ಗ ಮುರುಟಿಕೊಂಡು ಸುತ್ತಿನೊಳಗೆ ಸಿಕ್ಕಿಬೀಳುತ್ತದೆ. ಹಗ್ಗದ ಪ್ಯಾಕೆಟ್ಟಿನ ಮೇಲೆ ಬರೆದ ಬಲ ಹೊಸ ಹಗ್ಗಕ್ಕೆ, ಗಂಟಿಲ್ಲದ ಹಗ್ಗಕ್ಕೆ. ಗಂಟು ಬಿದ್ದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಡಿಮೆಯಾಗುತ್ತದೆ.

ಪೈಪಿಗೆ ಬರೋಣ. 6 ಇಂಚಿನದನ್ನು ಹೊತ್ತು ತೋಟದ ಇಳಿಜಾರಿನಲ್ಲಿ ಓಡಾಡುವುದು ಕಷ್ಟ. 4 ಇಂಚಿನ ಹೆವಿ ಕ್ಲಾಸ್ ಸಾಕು. ಅದರ ಗೋಡೆ 5.4 ಮಿಮೀ, ಅಡಿಗೆ ನಾಲ್ಕು ಕೆಜಿ ಮೀರುತ್ತದೆ. ಜಿಐ ಕೇಳಬೇಡಿ, ಕಪ್ಪು ಪೈಪು ಕೇಳಿ. ಸತು ಲೇಪದ ಮೇಲೆ ವೆಲ್ಡ್ ಮಾಡಿದರೆ ಬೆಸುಗೆಯಲ್ಲಿ ಸಣ್ಣ ಗುಳ್ಳೆ ಉಳಿಯುತ್ತದೆ, ಆ ಬಿಳಿ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುತ್ತದೆ. ಹೊರಮೈಗೆ ಬಣ್ಣ ಬಳಿಯಬೇಡಿ, ಎಮರಿ ಹಾಳೆಯಲ್ಲಿ ಉಜ್ಜಿ ಬರಿಮೈ ಬಿಡಿ.

ಮುಖ್ಯವಾದ ಬದಲಾವಣೆ ಕಿವಿಯದ್ದು, ಅಂದರೆ ಸ್ಲಿಂಗ್ ಹಾಕುವ ಕೊಂಡಿಯದ್ದು. ಇಲ್ಲಿನ ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಪೈಪಿನ ಮೇಲೆ ಒಂದು ಪಟ್ಟಿಯನ್ನು ನಿಲ್ಲಿಸಿ ಸುತ್ತ ವೆಲ್ಡ್ ಎಳೆದು ಕೊಡುತ್ತಾರೆ. ಎಲ್ಲ ಎಳೆತವೂ ಆ 4 ಮಿಮೀ ಗೋಡೆಯನ್ನು ಸಿಪ್ಪೆ ಸುಲಿಯುವಂತೆ ಎಳೆಯುತ್ತದೆ. ಬದಲಿಗೆ 12 ಮಿಮೀ ಪ್ಲೇಟು ತೆಗೆದುಕೊಂಡು ಪೈಪಿನ ಎರಡೂ ಗೋಡೆಯಲ್ಲಿ ಸೀಳು ಹಾಕಿಸಿ ಆರಪಾರ ತೂರಿಸಿ, ಎರಡೂ ಕಡೆ ಬೆಸೆಯಲಿ. ಆಚೆ ಬದಿಯ ಬೆಸುಗೆಯನ್ನು ಮಾತ್ರ ಗ್ರೈಂಡರಿನಲ್ಲಿ ಪೈಪಿನ ಮೈಗೆ ಸಮವಾಗಿ ಉಜ್ಜಬೇಕು, ಹಗ್ಗ ಅಲ್ಲಿ ಹಾಯುತ್ತದೆ. ಅಂಗಡಿಯಲ್ಲಿ ಕೈಗೆ ಸಿಗುವ 6013 ರಾಡಿನ ಬದಲು 7018 ತರಿಸಿ, ಒಣ ರಾಡನ್ನೇ ಬಳಸಲು ಹೇಳಿ. ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ 7018 ಪೊಟ್ಟಣ ತೇವ ಹೀರಿರುತ್ತದೆ. ಅಂಥ ರಾಡಿನ ಬೆಸುಗೆ ಆಮೇಲೆ ಬಿರುಕು ಬಿಡಬಹುದು. ಸ್ಲಿಂಗ್ ತಾಗುವ ತೂತಿನ ಅಂಚನ್ನು ಬೆರಳಾಡಿಸಿದರೆ ಚುಚ್ಚದಷ್ಟು ದುಂಡಗೆ ಮಾಡಿಸಿ. ಪೈಪಿನ ಎರಡೂ ತುದಿಯ ಬಳಿ 20 ಎಂಎಂ ಗಟ್ಟಿ ಸರಳನ್ನು ಅದೇ ರೀತಿ ಆರಪಾರ ತೂರಿಸಿ ಬೆಸೆದರೆ ಕೊಂಬಾಯಿತು. ಸುತ್ತು ಹೊರಗೆ ಜಾರದಂತೆ ತಡೆಯುತ್ತದೆ, ಕೊನೆಗೆ ಹಗ್ಗ ಲಾಕ್ ಮಾಡಲೂ ಬೇಕಾಗುತ್ತದೆ.

ಈ ಮಾತೆಲ್ಲ ನೀವೇ ಮಾಡಿಸಿದ ಕಬ್ಬಿಣದ ಡ್ರಮ್ಮಿಗೆ. ಪೋರ್ಟಾ ರ‍್ಯಾಪ್ ಥರದ, ಕಂಪನಿಯಿಂದ ಬಂದ ಸಾಧನ ಕೈಗೆ ಬಂದರೆ ಅದಕ್ಕೆ ಡ್ರಿಲ್ಲು, ವೆಲ್ಡು ಏನನ್ನೂ ತಾಗಿಸಬೇಡಿ. ಅಲ್ಯೂಮಿನಿಯಂ ಆಗಿದ್ದರಂತೂ ವೆಲ್ಡಿಂಗ್ ಬಿಸಿಗೆ ಅದರ ಹದ ಇಳಿದು, ಬೆಸುಗೆಯ ಅಕ್ಕಪಕ್ಕದ ಬಲ ಅರ್ಧದ ಹತ್ತಿರಕ್ಕೆ ಬಿದ್ದುಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು.

ಸರಪಳಿ ತೆಗೆದುಹಾಕಿ. ಡ್ರಮ್ಮಿನ ಮೇಲಿನ ಎಳೆತ ಮೇಲ್ಮುಖ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಬೇರು ಚಾಚಿ ಅಗಲವಾಗಿರುವ ಬುಡದಲ್ಲೇ ಕಟ್ಟಿದರೆ ಮೊದಲ ಭಾರಕ್ಕೇ ಕಟ್ಟು ಮೇಲಕ್ಕೆ, ಕಾಂಡ ಸಣ್ಣಗಾಗುವ ಕಡೆಗೆ ಸರಿದು ಸಡಿಲವಾಗುತ್ತದೆ, ಡ್ರಮ್ ಎಗರುತ್ತದೆ. ಕಾಂಡ ನೇರವಾಗುವ ಜಾಗ, ಸೊಂಟದೆತ್ತರದಲ್ಲಿ ಕಟ್ಟಿ. ಕ್ರೇನಿನವರು ಬಳಸುವ ಪಾಲಿಯೆಸ್ಟರ್ ರೌಂಡ್ ಸ್ಲಿಂಗ್ ಒಳ್ಳೆಯದು. ಬಣ್ಣದಿಂದಲೇ ಅದರ ಬಲ ಗೊತ್ತಾಗುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3. ಕುಣಿಕೆಯಾಗಿ ಬಿಗಿದಾಗ ಆ ಬಲದ 80 ಶೇಕಡಾ ಮಾತ್ರ ಲೆಕ್ಕಕ್ಕೆ. ಡ್ರಮ್ಮಿಗೆ ಹಸಿರು ಸಾಕು, ಮೇಲಿನ ರಾಟೆಗೆ ಹಳದಿ ಹಾಕಿ, ಅಲ್ಲಿ ಎಳೆತ ಎರಡು ಪಟ್ಟು ಎಂಬುದನ್ನು ಮರೆಯದೆ.

ರ‍್ಯಾಚೆಟ್ಟಿನ ಆಸೆ ಅರ್ಥವಾಗುತ್ತದೆ. ಚಾವಣಿಯ ಮೇಲೆ ಚಾಚಿದ ಕೊಂಬೆಯನ್ನು ಇಳಿಸುವ ಮೊದಲು ಸ್ವಲ್ಪ ಎತ್ತಬೇಕಾಗುತ್ತದೆ. ಅಮೆರಿಕದ ಗ್ರೆಗ್ ಗುಡ್ ಎಂಬವರು ಹಾಯಿದೋಣಿಗೆ ಬಳಸುವ ಹಾರ್ಕನ್ ವಿಂಚನ್ನು ಮರದ ಬುಡಕ್ಕೆ ಕಟ್ಟುವ ಚೌಕಟ್ಟಿಗೆ ಕೂಡಿಸಿ ಜಿಆರ್‌ಸಿಎಸ್ ಎಂಬ ಸಾಧನವನ್ನೇ ಮಾಡಿದರು. ಅದರ ಜಾಣತನ ಇರುವುದು ಎತ್ತುವ ವಿಂಚನ್ನು ಕಳಚಿ ಅದೇ ಚೌಕಟ್ಟಿಗೆ ಅಲುಗಾಡದ ದಪ್ಪ ಡ್ರಮ್ ಹಾಕಬಹುದು ಎಂಬಲ್ಲಿ. ಎತ್ತುವ ಯಂತ್ರ ಬೇರೆ, ಏಟು ತಿನ್ನುವ ಡ್ರಮ್ ಬೇರೆ. ನಿಮ್ಮ ಡ್ರಮ್ಮಿಗೆ ವೆಲ್ಡ್ ಮಾಡಿದ ರ‍್ಯಾಚೆಟ್ಟಿನಲ್ಲಿ ಇಡೀ ಏಟು ಬೀಳುವುದು ಹಲ್ಲಿಗೆ ಸಿಕ್ಕಿ ಹಿಂದೆ ತಿರುಗದಂತೆ ತಡೆಯುವ, ಬೆರಳುದ್ದದ ಒಂದು ಪಾಲ್‌ನ ತುದಿಗೆ. ಅದು ಹಲ್ಲಿನಿಂದ ಹಾರಿದರೆ ಹಿಡಿಕೆ ತಿರುಗಿ ಬಡಿಯುವುದು ಹಿಡಿದವನ ಮುಖಕ್ಕೆ. ಎತ್ತಬೇಕಾದಾಗ ಹಗ್ಗದ ಮೇಲೆ ಒಂದು ಪ್ರುಸಿಕ್ ಗಂಟು (ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ ಸಣ್ಣ ಹಗ್ಗದ ಗಂಟು) ಹಾಕಿ, ಅದಕ್ಕೆ ಮೂರು ಎಳೆಯ ರಾಟೆ ಜೋಡಿ ಸಿಕ್ಕಿಸಿ. ಇಬ್ಬರು ತಲಾ 40 ಕೆಜಿ ಎಳೆದರೆ ಲೆಕ್ಕಕ್ಕೆ 240, ಘರ್ಷಣೆ ಕಳೆದು 180ರ ಸುಮಾರು ಸಿಗುತ್ತದೆ. ಬೇಕಾದಷ್ಟು ಬಿಗಿದ ಮೇಲೆ ಡ್ರಮ್ಮಿನಲ್ಲಿ ಸುತ್ತು ಸರಿಮಾಡಿ, ಭಾರವನ್ನು ಅದಕ್ಕೆ ಒಪ್ಪಿಸಿ, ರಾಟೆಗಳನ್ನು ಬಿಚ್ಚಿ ಪಕ್ಕಕ್ಕಿಡಿ. ಆಮೇಲೆಯೇ ಕೊಯ್ತ.

ಹೊಸ ಡ್ರಮ್ ಬಂದ ದಿನವೇ ಮರಕ್ಕೆ ಕಟ್ಟಬೇಡಿ. ಎರಡು ಗಟ್ಟಿ ಮರಗಳ ನಡುವೆ, ನೆಲಮಟ್ಟದಲ್ಲಿ, ಒಂದಕ್ಕೆ ಡ್ರಮ್, ಇನ್ನೊಂದಕ್ಕೆ 2 ಟನ್ನಿನ ಚೈನ್ ಬ್ಲಾಕ್, ನಡುವೆ ಗುಜರಿ ತೂಗುವವರ ಬಳಿ ಇರುವಂಥ ನೇತುಹಾಕುವ ಡಿಜಿಟಲ್ ತೂಕದ ಯಂತ್ರ. ಕೆಲಸದ ಹಗ್ಗ ಬೇಡ, ಬೇರೆ ಗಟ್ಟಿ ಹಗ್ಗ ಹಾಕಿ ನಾಲ್ಕು ಸುತ್ತು ಸುತ್ತಿ ತುದಿ ಕೊಂಬಿಗೆ ಲಾಕ್ ಮಾಡಿ. ಒಂದು ಮೀಟರಿನ ತುಂಡಿಗೇ ನಿಲ್ಲುತ್ತೀರಿ ಎಂದಾದರೆ ಎಳೆತ 430. ಅದನ್ನು 500 ಎಂದು ಹಿಡಿದು, ಎರಡು ಪಟ್ಟು ಅಂದರೆ 1000 ಕೆಜಿವರೆಗೆ ಎಳೆದು ಐದು ನಿಮಿಷ ಬಿಡಿ. ಚೈನ್ ಎಳೆಯುವವನು ಹಗ್ಗದ ನೇರಕ್ಕೆ ನಿಲ್ಲಬಾರದು, ಉಳಿದವರು ಅಲ್ಲಿರಲೇಬಾರದು. ಇಳಿಸಿದ ಮೇಲೆ ಬೆಸುಗೆಗೆ ಡೈ ಪೆನಿಟ್ರಂಟ್ ಹಾಕಿಸಿ. ಮೂರು ಸ್ಪ್ರೇ ಡಬ್ಬಿಯ ಸೆಟ್ ಅದು: ತೊಳೆಯುವುದು, ಕೆಂಪು ಬಣ್ಣ, ಬಿಳಿ ಪುಡಿ. ಕೆಂಪು ಹೊಡೆದು ಹತ್ತು ನಿಮಿಷ ಬಿಟ್ಟು ಒರೆಸಿ ಬಿಳಿ ಹೊಡೆದರೆ, ಕಣ್ಣಿಗೆ ಕಾಣದ ಬಿರುಕು ಇದ್ದಲ್ಲಿ ಬಿಳಿಯ ಮೇಲೆ ಕೆಂಪು ಗೀರು ಮೂಡುತ್ತದೆ. ಗೀರು ಬಂದರೆ ಅದೇ ಜಾಗಕ್ಕೆ ಇನ್ನೊಂದು ಪದರ ವೆಲ್ಡ್ ಎಳೆಸಿ ಮುಚ್ಚಬೇಡಿ, ಪೂರ್ತಿ ಅರೆದು ತೆಗೆದು ಹೊಸದಾಗಿ ಬೆಸೆಯಬೇಕು. ಎಲ್ಲ ಸರಿ ಇದ್ದರೆ ಕಿವಿಯ ಪ್ಲೇಟಿನ ಮೇಲೆ 500 ಎಂದು ಪಂಚ್ ಹೊಡೆಸಿ.

ಸಿಲ್ವರ್ ಬಗ್ಗೆ ಒಂದೆರಡು ಮಾತು ಸೇರಿಸಬೇಕು. ಆಸ್ಟ್ರೇಲಿಯಾದಿಂದ ಬಂದ ಈ ಮರದ ಕೊಂಬೆ ಪೆಡಸು, ಬಾಗದೆ ಟಕ್ಕನೆ ಮುರಿಯುತ್ತದೆ. ಮರಗಸಿ ಮಾಡುವವರಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರುವವರಿಗೆ, ಇದು ಚೆನ್ನಾಗಿ ಗೊತ್ತು. ಹಾಗಾಗಿ ಅದರ ಕವಲಿನಲ್ಲಿ ಹಗ್ಗ ಹಾಯಿಸಿ ಭಾರ ಇಳಿಸುವುದು ಬೇಡ, ರಾಟೆ ಯಾವಾಗಲೂ ಮುಖ್ಯ ಕಾಂಡಕ್ಕೇ. ಕಡಿಯುವ ಅನುಮತಿಯ ಮಟ್ಟಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್‌ಗೆ ವಿನಾಯಿತಿ ಇದೆ. ನಡುವೆ ಕಾಡುಜಾತಿ ಮರ ಇದ್ದರೆ ಮೊದಲು ವೃಕ್ಷಾಧಿಕಾರಿಯನ್ನು ಕಾಣಿ. ಪಂಪ್‌ಹೌಸ್ ಅಂದಿರಿ, ಅಂದಮೇಲೆ ತಂತಿ ಇದ್ದೇ ಇರುತ್ತದೆ. ಮೆಸ್ಕಾಂನವರಿಂದ ಲೈನ್ ಆಫ್ ಮಾಡಿಸದೆ ಆ ಬದಿಯ ಮರ ಮುಟ್ಟಬೇಡಿ. ಒದ್ದೆ ಹಗ್ಗದಲ್ಲಿ ಕರೆಂಟು ಹರಿಯುತ್ತದೆ.

ಕೊನೆಗೆ ಜೀಪು. ಬೇಡ. ಹಗ್ಗದ ಎಳೆತ ಮೇಲಕ್ಕೆ ಮತ್ತು ಹಿಂದಕ್ಕೆ, ಜೀಪಿನ ಹಿಂಭಾಗವನ್ನು ಎತ್ತುವ ದಿಕ್ಕಿಗೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನೇ, ಭಾರ ಬಿದ್ದ ಹೊತ್ತಿಗೆ ಹಗುರಾಗುವುದೂ ಅದೇ ಚಕ್ರ. ಇಳಿಜಾರಿನ ಒದ್ದೆ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ. ಕಡಿಯುವ ಮರದ ಬುಡದಲ್ಲಿ ನಿಲ್ಲಲು ಜಾಗವಿಲ್ಲ ಎಂಬ ಕಾರಣಕ್ಕೆ ಕೇಳಿದ್ದರೆ, ಡ್ರಮ್ಮನ್ನು ಹತ್ತು ಹದಿನೈದು ಮೀಟರ್ ದೂರದ ಬೇರೆ ಮರಕ್ಕೆ ಕಟ್ಟಬಹುದು. ಆಗ ಹಗ್ಗದ ಎರಡು ಎಳೆಗಳ ನಡುವೆ ಕೋನ ಬರುವುದರಿಂದ ರಾಟೆಯ ಭಾರ ಕಡಿಮೆಯಾಗುತ್ತದೆ. 90 ಡಿಗ್ರಿ ಕೋನ ಇದ್ದರೆ ಎರಡು ಪಟ್ಟಿನ ಬದಲು 1.4 ಪಟ್ಟು. ಆದರೆ ಅದರ ಒಂದು ಪಾಲು ಕಾಂಡವನ್ನು ಪಕ್ಕಕ್ಕೆ ಬಗ್ಗಿಸುತ್ತದೆ. ಮೇಲೆ ಕಾಂಡ ತೆಳ್ಳಗಿದ್ದಾಗ ಬುಡದ ಡ್ರಮ್ಮೇ ಸರಿ, ಕೆಳಗಿಳಿದು ದಪ್ಪ ಸಿಕ್ಕ ಮೇಲೆ ದೂರದ ಮರಕ್ಕೆ ಬದಲಿಸಿಕೊಳ್ಳಿ. ಅದಕ್ಕೆ ಆರಿಸುವ ಮರದಲ್ಲಿ ಕಾಳುಮೆಣಸಿನ ಬಳ್ಳಿ ಇರದಂತೆ ನೋಡಿಕೊಳ್ಳಿ, ಸ್ಲಿಂಗ್ ಬಿಗಿದ ಜಾಗದಲ್ಲಿ ಬಳ್ಳಿ ಜಜ್ಜಿಹೋಗುತ್ತದೆ.